ಚೌಕವೋ ಅಕ್ಷರವೋ: ಟರ್ಮಿನಲ್ ಪಠ್ಯಲಕ್ಷಣಗಳ ಒಂದು ವಿಮರ್ಶೆ

ಟರ್ಮಿನಲ್ ಪರದೆಯ ಪಠ್ಯಕ್ಕೆ ಬಣ್ಣ, ದಪ್ಪ, ಅಡಿಗೆರೆಗಳನ್ನು ಕೊಡುವ ಸಂಜ್ಞೆಗಳಲ್ಲಿ ಬಹುಪಾಲು ಎಕ್ಮಾ-48 ಮಾನಕಕ್ಕೆ ಸೇರಿದವು. ಅದರ ಮೊದಲ ಆವೃತ್ತಿ 1976ರದು, ಐದನೆಯದು 1991ರದು. ಬರೆಹದ ಘಟಕ ಯಾವುದೆಂಬ ಪ್ರಶ್ನೆಗೆ ಈ ಪರಂಪರೆಯ ತಂತ್ರಾಂಶಗಳು ಮೌನವಾಗಿ ಕೊಟ್ಟಿರುವ ಉತ್ತರವನ್ನು ನಾವು ಒಪ್ಪಲಾರೆವು.

ವ್ಯವಸ್ಥೆ ಸರಳವಾದುದು. 1 ಎಂದರೆ ದಪ್ಪ, 4 ಅಡಿಗೆರೆ, 7 ಹಿನ್ನೆಲೆ ಮುನ್ನೆಲೆಗಳ ಅದಲುಬದಲು, 0 ಎಲ್ಲದರ ರದ್ದತಿ. ಸಂಜ್ಞೆ ಬಂದಲ್ಲಿಂದ ಮುಂದಿನ ಪ್ರತಿಯೊಂದು ಚೌಕವೂ ಆ ಲಕ್ಷಣವನ್ನು ಹೊರುತ್ತದೆ. ಒಂದು ಚೌಕಕ್ಕೆ ಒಂದು ಲಿಪಿಚಿಹ್ನೆ ಎಂಬ ರೋಮನ್ ಬರೆಹದಲ್ಲಿ ಇದರಿಂದ ತೊಡಕಿಲ್ಲ.

ಕನ್ನಡದ ‘ಕಣ್ಣು’ ಪದವನ್ನು ನೋಡೋಣ. ಯೂನಿಕೋಡ್‌ನಲ್ಲಿ ಅದು ಐದು ಸಂಕೇತಗಳ ಸಾಲು. ಓದುಗನಿಗೆ ಎರಡೇ ಅಕ್ಷರ. ಗ್ರೆಪ್ ತಂತ್ರಾಂಶದಲ್ಲಿ ‘ಕಣ್’ ಎಂದು ಹುಡುಕಿದರೆ ಹೊಂದಿಕೆಯಾದ ಭಾಗ ದಪ್ಪ ಕೆಂಪಾಗಬೇಕು. ಆದ್ದರಿಂದ ಬಣ್ಣ ಮುಗಿಸುವ ಸಂಜ್ಞೆ ವಿರಾಮಚಿಹ್ನೆಗೂ ಎರಡನೆಯ ಣಕಾರಕ್ಕೂ ನಡುವೆ ಸೇರುತ್ತದೆ. ಅನೇಕ ಟರ್ಮಿನಲ್‌ಗಳಲ್ಲಿ ಒತ್ತು ಅಲ್ಲಿಗೇ ಕಳಚಿಕೊಂಡು, ಕೆಂಪು ‘ಕಣ್’ ಒಂದೆಡೆ, ‘ಣು’ ಇನ್ನೊಂದೆಡೆ ಉಳಿಯುತ್ತವೆ. ಹಳಗನ್ನಡದ ರೂಪ ಅಯಾಚಿತವಾಗಿ ದೊರೆತಂತಾಯಿತು!

ಅಗಲದ ಲೆಕ್ಕ ಇನ್ನೂ ವಿಚಿತ್ರ. ಮಾರ್ಕಸ್ ಕೂನ್ ಅವರ ಬಹುಬಳಕೆಯ ಅಗಲಗಣನೆಯಲ್ಲಿ ‘ಕಿ’ಗೆ ಒಂದು ಚೌಕ, ‘ಕೀ’ಗೆ ಎರಡು. ಇದು ಮಾತ್ರೆಯ ಎಣಿಕೆಯಲ್ಲ. ಹ್ರಸ್ವವಾದ ‘ಕು’ವಿಗೂ ಎರಡೇ. ಯೂನಿಕೋಡ್ ಇಕಾರಚಿಹ್ನೆಯನ್ನು ಸ್ಥಳ ಬೇಡದ್ದೆಂದೂ ಈಕಾರ, ಉಕಾರಗಳನ್ನು ಸ್ಥಳ ಬೇಡುವವೆಂದೂ ವರ್ಗೀಕರಿಸಿದೆ. ಗಣನೆ ಅದನ್ನೇ ಅನುಸರಿಸುತ್ತದೆ. ಎನ್‌ಕರ್ಸಸ್ ಗ್ರಂಥಾಲಯವೂ ಚೌಕವೊಂದಕ್ಕೆ ಸ್ಥಳ ಬೇಡುವ ಒಂದೇ ಚಿಹ್ನೆಯನ್ನು ಸೇರಿಸುತ್ತದೆ. ಹೀಗಾಗಿ ‘ಕ್ಷ’ ಅಲ್ಲಿ ಒಂದು ಘಟಕವಾಗಲಾರದು.

ಮಾನಕವನ್ನೇ ದೂಷಿಸುವುದು ನ್ಯಾಯವಲ್ಲ. 1 ಎಂಬ ಸಂಜ್ಞೆಗೆ ಅದು ದಪ್ಪ ಅಥವಾ ಹೆಚ್ಚಿದ ಪ್ರಖರತೆ ಎಂದು ಎರಡು ಅರ್ಥಗಳನ್ನು ಬಿಟ್ಟಿದೆ. ಈ ಸಡಿಲತೆ ನಮಗೆ ಗುಣವೆಂದೇ ತೋರುತ್ತದೆ. ಅಡಿಗೆರೆ ಒತ್ತಕ್ಷರವನ್ನು ಸೀಳುವ, ಅವಧಾರಣೆಯನ್ನು ‘ಅವನೇ’ ಎಂದು ಪ್ರತ್ಯಯದಿಂದಲೇ ಸೂಚಿಸಬಲ್ಲ ಭಾಷೆಗೆ ರೂಪದ ಆಯ್ಕೆ ತೆರೆದಿರುವುದು ಒಳ್ಳೆಯದು. ದೋಷವಿರುವುದು ಲಕ್ಷಣವನ್ನು ಚೌಕಕ್ಕೆ ಕಟ್ಟಿಹಾಕಿರುವಲ್ಲಿ.

ಲಕ್ಷಣದ ಬದಲಾವಣೆ ಅಕ್ಷರ ಮುಗಿಯುವವರೆಗೆ ಕಾಯಬೇಕೆಂಬುದು ನಮ್ಮ ವಾದ. ಇದಕ್ಕೂ ಬೆಲೆಯಿದೆ: ‘ಕಣ್’ ಹುಡುಕಿದರೆ ಇಡೀ ‘ಕಣ್ಣು’ ಕೆಂಪಾಗುತ್ತದೆ, ಪ್ರಕೃತಿಯ ಗಡಿ ಮರೆಯಾಗುತ್ತದೆ. ಆದರೆ ‘ಊರಲ್ಲಿ’ ಎಂಬಲ್ಲಿ ಪ್ರಕೃತಿ ಪ್ರತ್ಯಯಗಳ ಗಡಿ ‘ರ’ ಎಂಬ ಒಂದೇ ಸಂಕೇತದ ಒಳಗಿದೆ. ಅದನ್ನು ಯಾವ ಬಣ್ಣವೂ ಈಗಲೂ ತೋರಿಸುತ್ತಿಲ್ಲ. ಅಂಥ ಗಡಿಯನ್ನು ಲಿಪ್ಯಂತರದ ಸಾಲಿನಲ್ಲಿ ಗುರುತಿಸಬಹುದು.