ಪ್ರಳಯದ ನಡುವಿನ ಪುಸ್ತಕ

ಮೂರು ಸಂಪುಟಗಳ ಕಥನದಲ್ಲಿ ನಡುವಿನ ಸಂಪುಟದ ಪಾಡು ಕಷ್ಟದ್ದು. ಆರಂಭದ ಬೆರಗು ಅದಕ್ಕಿಲ್ಲ, ಅಂತ್ಯದ ಸಮಾಧಾನವೂ ಇಲ್ಲ. ಕೆನಡಾದ ಲೇಖಕಿ ಮಾರ್ಗರೆಟ್ ಆಟ್‌ವುಡ್ ಅವರ ಕಾದಂಬರಿತ್ರಯದ ಎರಡನೆಯ ಕೃತಿ ‘ದಿ ಇಯರ್ ಆಫ್ ದಿ ಫ್ಲಡ್’ (2009) ಈ ಕಷ್ಟವನ್ನು ಎದುರಿಸಿದ ಬಗೆಯು ಸಭಾಪಾಲಕರೂ ದೈವಶಾಸ್ತ್ರದ ವಿದ್ಯಾರ್ಥಿಗಳೂ ಗಮನಿಸತಕ್ಕದ್ದು.

ಮೊದಲ ಕೃತಿ ‘ಓರಿಕ್ಸ್ ಅಂಡ್ ಕ್ರೇಕ್’ (2003) ಒಂದು ಪ್ರಶ್ನೆಯೊಡನೆ ಮುಗಿದಿತ್ತು. ಮನುಷ್ಯನೇ ನಿರ್ಮಿಸಿ ಹರಡಿದ ಮಹಾವ್ಯಾಧಿಯಿಂದ ಲೋಕವು ಬರಿದಾದ ಮೇಲೆ, ತನ್ನ ಕುಲದಲ್ಲಿ ತಾನೊಬ್ಬನೇ ಉಳಿದಿರುವೆನೆಂದು ಭಾವಿಸಿದ್ದ ಜಿಮ್ಮಿ ಮೂವರು ಮನುಷ್ಯರನ್ನು ಕಾಣುತ್ತಾನೆ. ಅವರನ್ನು ಕೊಲ್ಲುವನೋ, ಮಾತನಾಡಿಸುವನೋ? ಉತ್ತರವನ್ನು ಬಯಸಿ ಎರಡನೆಯ ಸಂಪುಟವನ್ನು ತೆರೆದ ಓದುಗನನ್ನು ಲೇಖಕಿ ಹಿಂದಕ್ಕೆ ಕರೆದೊಯ್ಯುತ್ತಾರೆ. ಕಾಲವೂ ಅದೇ, ವಿಪತ್ತೂ ಅದೇ. ಆದರೆ ಸಾಕ್ಷಿಗಳು ಟೋಬಿ ಮತ್ತು ರೆನ್ ಎಂಬ ಇಬ್ಬರು ಸ್ತ್ರೀಯರು. ಕಾವಲಿನ ಆವರಣದೊಳಗಿಂದ ಕಂಡಿದ್ದ ಲೋಕವು ಈಗ ಬಡವರ ಬೀದಿಯಿಂದ ಕಾಣುತ್ತದೆ. ಒಂದೇ ಸುವಾರ್ತೆಯನ್ನು ನಾಲ್ವರಿಂದ ಕೇಳಿದ ನಮಗೆ ಈ ಕ್ರಮವು ಅಪರಿಚಿತವಲ್ಲ.

‘ದೇವರ ತೋಟಗಾರರು’ ಎಂಬ ಪಂಥವೇ ಈ ಕೃತಿಯ ಹೃದಯ. ಇವರು ‘ನೀರಿಲ್ಲದ ಪ್ರಳಯ’ವನ್ನು ನಿರೀಕ್ಷಿಸಿ, ಆಹಾರದ ಗುಪ್ತ ಸಂಗ್ರಹಗಳಿಗೆ ‘ಅರಾರಾಟ್’ ಎಂದು ಹೆಸರಿಡುತ್ತಾರೆ; ಪರಿಸರ ಲೇಖಕಿ ರೇಚಲ್ ಕಾರ್ಸನ್ ಇವರಿಗೆ ಸಂತಳು. ನಾಯಕ ಆ್ಯಡಮ್ ವನ್‌ನ ಪ್ರಸಂಗಗಳೂ ಪಂಥದ ಗೀತೆಗಳೂ ಕಥನದ ನಡುನಡುವೆ ಬರುತ್ತವೆ. ಇದು ಧರ್ಮದ ಅಪಹಾಸ್ಯವಾಗಿರಬಹುದೆಂಬ ನಮ್ಮ ಊಹೆಯನ್ನು ಟೋಬಿ ಸುಳ್ಳಾಗಿಸುತ್ತಾಳೆ. ಅವಳ ವಿಶ್ವಾಸವು ಸಂಶಯದಿಂದ ಬಿಡುಗಡೆ ಹೊಂದಿದ್ದಲ್ಲ. ಆದರೂ ಅವಳು ಜೇನುಹುಳುಗಳನ್ನು ಸಾಕುತ್ತಾಳೆ, ರೋಗಿಗಳನ್ನು ಉಪಚರಿಸುತ್ತಾಳೆ, ಹಬ್ಬಗಳನ್ನು ಆಚರಿಸುತ್ತಾಳೆ. ಮನಸ್ಸು ಒಣಗಿದ ದಿನವೂ ಪ್ರಸಂಗಪೀಠವನ್ನು ಹತ್ತಬೇಕಾದ ಬೋಧಕನು ಇವಳಲ್ಲಿ ತನ್ನನ್ನು ಕಂಡುಕೊಳ್ಳದೆ ಇರಲಾರನು.

ದೋಷವಿಲ್ಲವೆಂದಲ್ಲ. ಇಡೀ ಜನಾಂಗವೇ ಅಳಿದ ಲೋಕದಲ್ಲಿ ಉಳಿದವರು ಬಹುಪಾಲು ಪರಸ್ಪರ ಪರಿಚಿತರೇ ಆಗಿರುವುದು ಕಥೆಯ ಅನುಕೂಲಕ್ಕೆ ಹೆಣೆದದ್ದೆಂದು ತೋರುತ್ತದೆ.

ಆದರೂ ಜಿಮ್ಮಿ ಕಂಡ ಬೆಂಕಿಯ ಬಳಿಗೇ ಕಥೆ ಕೊನೆಗೆ ಮರಳುತ್ತದೆ. ಆ ಮೂವರಲ್ಲಿ ಇಬ್ಬರು ಕ್ರೂರ ಅಪರಾಧಿಗಳು. ಮೂರನೆಯವಳು ಅವರಿಂದ ಹಿಂಸೆಗೊಳಗಾದ ಅಮ್ಯಾಂಡ. ಅಂದು ನಾರ್ವಿಚ್‌ನ ಜೂಲಿಯನಳ ಹಬ್ಬವಾದುದರಿಂದ, ಕಟ್ಟಿಹಾಕಿದ ಅಪರಾಧಿಗಳಿಗೂ ಟೋಬಿ ಸಾರನ್ನು ಕೊಡುತ್ತಾಳೆ. ‘ಮ್ಯಾಡ್‌ಆ್ಯಡಮ್’ (2013) ಎಂಬ ಮೂರನೆಯ ಸಂಪುಟದಲ್ಲಿ ಅವರು ತಪ್ಪಿಸಿಕೊಳ್ಳುತ್ತಾರೆ.

ಓದುಗನು ಕೇಳಿದ್ದು ಮುಂದೇನಾಯಿತು ಎಂದು. ಕೃತಿಯು ಕೊಟ್ಟದ್ದು ಇನ್ನೂ ಕಠಿಣವಾದ ಪ್ರಶ್ನೆಯನ್ನು. ನೊಂದವಳು ಮೌನವಾಗಿ ಪಕ್ಕದಲ್ಲಿರುವಾಗ, ಅವಳ ಪರವಾಗಿ ಬೇರೊಬ್ಬರು ಕೃಪೆಯ ಭೋಜನವನ್ನು ಬಡಿಸಬಹುದೇ? ಕ್ಷಮೆಯನ್ನು ಬೋಧಿಸುವ ನಾವು ಮೊದಲು ಯಾರ ಕಡೆಗೆ ನೋಡಿ ಬೋಧಿಸುತ್ತಿದ್ದೇವೆ?