ಮೂರು ತಿಂಗಳ ಅಣ್ಣಂದಿರು

ಸೇವೆಗೆಂದು ಪರದೇಶಕ್ಕೆ ಹೋದವರ ಪುಸ್ತಕಗಳಲ್ಲಿ ಮೊದಲ ಕೆಲವು ಪುಟಗಳೇ ಹೆಚ್ಚು ನಂಬಿಕೆಗೆ ಅರ್ಹವಾಗಿರುತ್ತವೆ. ಊರು ಹೊಸದು, ಮಾತು ಬಾರದು, ತಾನು ಮಾಡಬೇಕಾದ್ದೇನು ಎಂಬುದೂ ತಿಳಿಯದು. ಹಾಗಾಗಿ ಬರೆಯುವವನಿಗೆ ಉಪದೇಶ ಮಾಡಲು ಬಾಯೇ ಇರುವುದಿಲ್ಲ. ಅಮೆರಿಕದ ಕಾನರ್ ಗ್ರೆನನ್ ನೇಪಾಳದ ಕುರಿತು ಬರೆದ ‘ಲಿಟಲ್ ಪ್ರಿನ್ಸಸ್’ (2011) ಈ ಮಾತಿಗೆ ಒಳ್ಳೆಯ ಸಾಕ್ಷಿ. ಅದರ ಬಲವೂ ಬಹುದೊಡ್ಡ ಕೊರತೆಯೂ ಆ ಮೊದಲ ದಿನಗಳಲ್ಲೇ ಇವೆ.

2004ರ ಕೊನೆಗೆ ಗ್ರೆನನ್ ಕಠ್ಮಂಡುವಿನಲ್ಲಿ ಇಳಿದಾಗ ಅವನಿಗೆ 29 ವರ್ಷ. ಯುರೋಪಿನಲ್ಲಿ ಮಾಡುತ್ತಿದ್ದ ಕೆಲಸ ಬಿಟ್ಟು, ಕೂಡಿಟ್ಟ ಹಣದಲ್ಲಿ ಒಂದು ವರ್ಷ ಲೋಕ ಸುತ್ತಲು ಹೊರಟವನು. ಮೋಜಿಗೆ ದುಡ್ಡು ಸುರಿಯುತ್ತಿದ್ದಾನೆ ಎಂದು ಯಾರೂ ಆಡಿಕೊಳ್ಳದಿರಲಿ ಎಂದು ಯಾತ್ರೆಯ ಆರಂಭಕ್ಕೆ ಮೂರು ತಿಂಗಳ ಅನಾಥಾಲಯ ಸೇವೆಯನ್ನು ಸೇರಿಸಿಕೊಂಡ. ಅನಾಥಾಲಯದ ಹೆಸರು ಹೇಳಿದರೆ ಹುಡುಗಿಯರ ಎದುರು ತೂಕ ಬರುತ್ತದೆ ಎಂಬ ಲೆಕ್ಕವೂ ಇತ್ತು. ಇದನ್ನೆಲ್ಲ ಅವನೇ ಒಪ್ಪಿಕೊಳ್ಳುತ್ತಾನೆ. ಸೇವೆಯ ಪುಸ್ತಕಗಳಲ್ಲಿ ಇಂಥ ಪ್ರಾಮಾಣಿಕತೆ ಅಪರೂಪ. 1996ರಲ್ಲಿ ಶುರುವಾದ ಮಾವೋವಾದಿ ಅಂತರ್ಯುದ್ಧ ಆಗ ಒಂಬತ್ತನೆಯ ವರ್ಷಕ್ಕೆ ಬಂದಿತ್ತು. ಆ ಹೊತ್ತಿನಲ್ಲಿ ಪ್ರವಾಸಿಗರ ಕೇರಿಯಾದ ಠಮೇಲ್‌ನ ಗಲ್ಲಿಗಳಲ್ಲಿ ಗಲಿಬಿಲಿಗೊಂಡು ನಿಂತವನು, ಕೈಯಲ್ಲಿ ದಾಲ್‌ಭಾತ್ ಕಲಸಿ ಉಣ್ಣಲು ಪರದಾಡಿದವನು, ತನ್ನನ್ನೇ ನಗೆಗೆ ಈಡು ಮಾಡಿಕೊಂಡು ಬರೆಯುತ್ತಾನೆ. ಓದಲು ಹಿತವಾಗಿದೆ.

ಅಲ್ಲಿಂದ ಅವನು ಹೋದದ್ದು ಕಠ್ಮಂಡು ಕಣಿವೆಯ ದಕ್ಷಿಣ ಅಂಚಿನ ಗೋದಾವರಿ ಎಂಬ ಹಳ್ಳಿಯಲ್ಲಿದ್ದ ಮಕ್ಕಳ ಮನೆಗೆ. ಗೇಟು ತೆರೆದದ್ದೇ ತಡ, ಮಕ್ಕಳು ಓಡಿಬಂದು ಅವನ ಮೇಲೆ ಹತ್ತಿ ಬೀಳುತ್ತಾರೆ. ಪುಸ್ತಕವನ್ನು ಓದಿದವರು ನೆನಪಿಟ್ಟುಕೊಳ್ಳುವ ದೃಶ್ಯ ಇದು. ನನ್ನ ತಕರಾರು ಶುರುವಾಗುವುದೂ ಇಲ್ಲಿಂದಲೇ. ಮನೆಯಲ್ಲಿ ಬೆಳೆದ ಪುಟ್ಟ ಮಗು ಗುರುತಿಲ್ಲದವರು ಬಂದರೆ ಅಮ್ಮನ ಸೆರಗಿನ ಹಿಂದೆ ಸರಿಯುತ್ತದೆ. ಬಂದವರೆಲ್ಲರ ಕೊರಳಿಗೆ ಮೊದಲ ನಿಮಿಷದಲ್ಲೇ ಜೋತುಬೀಳುವುದು, ಸ್ಥಿರವಾಗಿ ನೋಡಿಕೊಳ್ಳುವವರಿಲ್ಲದೆ ಸಂಸ್ಥೆಗಳಲ್ಲಿ ಬೆಳೆದ ಮಕ್ಕಳಲ್ಲಿ ಮನಶ್ಶಾಸ್ತ್ರಜ್ಞರು ಗುರುತಿಸಿರುವ ಲಕ್ಷಣ. ಮಕ್ಕಳು ‘ಬ್ರದರ್’ ಎಂದು ಕರೆಯುವ ಸ್ವಯಂಸೇವಕ ಮೂರು ತಿಂಗಳಿಗೊಬ್ಬನಂತೆ ಬಂದು, ಮುದ್ದಾಡಿ, ಕಣ್ಣೀರಿಟ್ಟು ವಿಮಾನ ಹತ್ತುತ್ತಾನೆ. ಮಕ್ಕಳು ಮುಂದಿನವನಿಗೆ ಗೇಟಿನ ಬಳಿ ಕಾಯುತ್ತಾರೆ. ಬಂದಿಳಿದ ಹುಡುಗನಿಗೆ ಇದು ಹೊಳೆಯದಿದ್ದುದು ಸಹಜ. ವರ್ಷಗಳ ನಂತರ, ಎಲ್ಲ ತಿಳಿದ ಮೇಲೆ ಬರೆಯಲು ಕೂತ ಲೇಖಕನಿಗೆ ಆ ರಿಯಾಯಿತಿ ಇಲ್ಲ. ಅವನು ಆ ದೃಶ್ಯವನ್ನು ತಮಾಷೆಯಾಗಿಯೇ ಬಿಟ್ಟು ಮುಂದೆ ಹೋಗುತ್ತಾನೆ.

ತಿಳಿದದ್ದು ಏನೆಂದರೆ, ಆ ಮಕ್ಕಳು ಅನಾಥರೇ ಅಲ್ಲ. ಗ್ರೆನನ್ ಎರಡನೆಯ ಸಲ ನೇಪಾಳಕ್ಕೆ ಹೋದಾಗ ಇಬ್ಬರು ಹುಡುಗರ ತಾಯಿಯೇ ಎದುರಾಗುತ್ತಾಳೆ. ಮಕ್ಕಳು ವಾಯವ್ಯದ ತುದಿಯ ಹುಮ್ಲಾ ಜಿಲ್ಲೆಯವರು. ಮಾವೋವಾದಿಗಳು ಮಕ್ಕಳನ್ನು ಪಡೆಗೆ ಎಳೆದೊಯ್ಯುವ ಭಯದಲ್ಲಿದ್ದ ತಂದೆತಾಯಿಗಳನ್ನು, ರಾಜಧಾನಿಯಲ್ಲಿ ಓದಿಸುತ್ತೇನೆಂದು ನಂಬಿಸಿ, ಅವರಿಂದಲೇ ಹಣ ಕಿತ್ತು, ಒಬ್ಬ ದಲ್ಲಾಳಿ ಮಕ್ಕಳನ್ನು ಸಾಗಿಸಿದ್ದ. ಗ್ರೆನನ್ 2006ರಲ್ಲಿ ‘ನೆಕ್ಸ್ಟ್ ಜನರೇಶನ್ ನೇಪಾಳ’ ಸಂಸ್ಥೆ ಕಟ್ಟಿ, ಮಕ್ಕಳ ಫೋಟೊ ಹಿಡಿದು ಹುಮ್ಲಾದ ಹಳ್ಳಿಗಳಿಗೆ ನಡೆದೇ ಹೋದ. ಸತ್ತೇಹೋಯಿತೇನೋ ಎಂದುಕೊಂಡಿದ್ದ ಮಗುವಿನ ಫೋಟೊ ಕೈಗೆ ಬಂದಾಗ ಹೆತ್ತವರು ಹೇಗಾಗುತ್ತಾರೆ ಎಂಬ ಪುಟಗಳಿಗಾಗಿ ಈ ಪುಸ್ತಕವನ್ನು ಎಷ್ಟು ಹೊಗಳಿದರೂ ಸಲ್ಲುತ್ತದೆ. ನಡುನಡುವೆ ನುಸುಳುವ ಲೇಖಕನ ಇ-ಮೇಲ್ ಪ್ರೇಮಕಥೆ ಮಾತ್ರ ಬೇಡವಾಗಿತ್ತು. ಅಷ್ಟು ಜಾಗವನ್ನು ದಾರಿ ತೋರಿದ, ಹೊರೆ ಹೊತ್ತ ನೇಪಾಳಿಗರಿಗೆ ಕೊಡಬಹುದಿತ್ತು.

ಆದರೆ ದಲ್ಲಾಳಿಯನ್ನು ಖಳನಾಯಕನನ್ನಾಗಿಸಿದರೆ ಕತೆ ಮುಗಿಯುವುದಿಲ್ಲ. ಅವನ ಸರಕಿಗೆ ಗಿರಾಕಿ ಯಾರು? ನೇಪಾಳದಲ್ಲಿ ಆಗ 75 ಜಿಲ್ಲೆಗಳಿದ್ದವು. ನೋಂದಾಯಿತ ಮಕ್ಕಳ ಮನೆಗಳಲ್ಲಿ ಸುಮಾರು ಶೇ 90 ಇದ್ದದ್ದು ಐದೇ ಜಿಲ್ಲೆಗಳಲ್ಲಿ: ಕಠ್ಮಂಡು, ಲಲಿತಪುರ, ಭಕ್ತಪುರ, ಪೊಖರಾ ಇರುವ ಕಾಸ್ಕಿ, ಘೇಂಡಾಮೃಗಗಳ ಚಿತ್ವನ್. ಅನಾಥರಿದ್ದಲ್ಲಿ ಅನಾಥಾಲಯ ಹುಟ್ಟುವುದಾದರೆ ಯುದ್ಧದಲ್ಲಿ ಬೆಂದ ಗುಡ್ಡಗಾಡು ಜಿಲ್ಲೆಗಳ ತುಂಬ ಅವು ಇರಬೇಕಿತ್ತು. ಅವು ಹುಟ್ಟಿದ್ದು ಪ್ರವಾಸಿ ಇಳಿಯುವಲ್ಲಿ. ಅಲ್ಲಿದ್ದ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದರು. ಸೇವೆಗೆ ಬಂದವನು ಕೊಡುವ ಶುಲ್ಕ, ಊರಿಗೆ ಮರಳಿ ಎತ್ತಿ ಕಳಿಸುವ ದೇಣಿಗೆ ಇವೇ ಈ ವ್ಯಾಪಾರದ ಬಂಡವಾಳ. ಪುಸ್ತಕ ಈ ಪ್ರಶ್ನೆಯ ಹೊಸ್ತಿಲವರೆಗೆ ಬಂದು ಒಳಗೆ ಕಾಲಿಡುವುದಿಲ್ಲ.

ಕಾಲಿಟ್ಟದ್ದು ಅವನು ಕಟ್ಟಿದ ಸಂಸ್ಥೆ. ಅನಾಥಾಲಯಗಳಿಗೆ ಸೇವೆಗೆ ಹೋಗುವುದರಿಂದಲೇ ಮಕ್ಕಳ ಸಾಗಣೆಗೆ ಕುಮ್ಮಕ್ಕು ಸಿಗುತ್ತದೆ ಎಂದು ಅದು 2014ರ ವರದಿಯಲ್ಲಿ ಬರೆಯಿತು. ಸ್ಥಾಪಕ ಮಾಡಿದ್ದನ್ನು ನೀವು ಮಾಡಬೇಡಿ ಎಂದು ಸಂಸ್ಥೆಯೇ ಹೇಳುವುದು ಸಣ್ಣ ಮಾತಲ್ಲ. ಮರುವರ್ಷ ಏಪ್ರಿಲ್ 25ರ ಭೂಕಂಪದ ನಂತರ ಯುನಿಸೆಫ್ ಕೂಡ ಇದೇ ಎಚ್ಚರಿಕೆ ಕೊಟ್ಟಿತು; ಹೆತ್ತವರಿಲ್ಲದೆ ಮಕ್ಕಳನ್ನು ಜಿಲ್ಲೆಯಾಚೆ ಒಯ್ಯುವುದಕ್ಕೆ ನೇಪಾಳ ಸರ್ಕಾರ ಕಡಿವಾಣ ಹಾಕಿತು.

ಅನಾಥಾಲಯ ಸೇವೆ ಬಿಳಿಯರ ಚಾಳಿ ಎಂದು ನಾವು ನಗುವಂತಿಲ್ಲ. ಹುಟ್ಟುಹಬ್ಬಕ್ಕೆ ಆಶ್ರಮಕ್ಕೆ ಹೋಗಿ, ಕೇಕ್ ಕತ್ತರಿಸಿ, ಮಕ್ಕಳ ಜೊತೆ ಫೋಟೊ ತೆಗೆಸಿಕೊಂಡು ಬರುವ ಪದ್ಧತಿ ಬೆಂಗಳೂರಿನಲ್ಲಿ ಚೆನ್ನಾಗಿಯೇ ಬೇರೂರಿದೆ. ಮಕ್ಕಳನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿಯಾಗಬೇಕು ಎಂದು ನಮ್ಮ 2015ರ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ಕೇಕ್ ಒಯ್ಯುವವರಲ್ಲಿ ಎಷ್ಟು ಮಂದಿ, ಈ ಮಗುವಿನ ಮನೆಯವರು ಎಲ್ಲಿದ್ದಾರೆ ಎಂದು ಕೇಳಿದ್ದಾರೆ?

‘ಲಿಟಲ್ ಪ್ರಿನ್ಸಸ್’ ಓದಿ, ಹುಮ್ಲಾದ ಭಾಗವನ್ನು ಎರಡು ಸಲ ಓದಿ. ಓದಿದ ಮೇಲೆ ಕಠ್ಮಂಡುವಿಗೆ ಹೋಗುವ ಮನಸ್ಸಾದರೆ ಭಾರತೀಯರಿಗೆ ವೀಸಾ ಕೂಡ ಬೇಡ. ಪ್ರವಾಸಿಯಾಗಿಯೇ ಹೋಗಿ, ಪಕ್ಕದ ಪಾಟನ್ ನಗರ ನೋಡಿ, ಹೋಟೆಲಿನವರಿಗೆ, ಗೈಡಿಗೆ ನ್ಯಾಯವಾದ ದುಡ್ಡು ಕೊಡಿ. ಮಕ್ಕಳಿಗೇ ಏನಾದರೂ ಕೊಡಬೇಕು ಅನ್ನಿಸಿದರೆ, ಅವರು ಹೆತ್ತವರ ಜೊತೆಗಿದ್ದೇ ಓದುವಂತೆ ಊರ ಶಾಲೆಗಳಿಗೆ ನೆರವಾಗುವವರನ್ನು ಹುಡುಕಿ ಕೊಡಿ. ಅನಾಥಾಲಯದ ಗೇಟು ಮಾತ್ರ ತಟ್ಟಬೇಡಿ.