ಕೊಟೇಷನ್ ಚೀಟಿಯಲ್ಲಿ ಹೆಸರಿಲ್ಲದ ಭಾಗಗಳು

ಎಂಜಿನಿಯರಿಂಗ್ ಸೀಟು ಹಂಚಿಕೆ ಮುಗಿದು ತರಗತಿ ಶುರುವಾಗುವ ಹೊತ್ತಿಗೆ ಮೈಸೂರಿನ ಕಂಪ್ಯೂಟರ್ ಅಂಗಡಿಗಳಲ್ಲಿ ಅಪ್ಪ–ಮಕ್ಕಳ ಜೋಡಿಗಳು ಕಾಣತೊಡಗುತ್ತವೆ. ಎಸ್‌ಜೆಸಿಇಗೋ ಎನ್‌ಐಇಗೋ ಸೇರಿದ ಹುಡುಗ, ಪಕ್ಕದಲ್ಲಿ ಜೇಬು ಲೆಕ್ಕ ಹಾಕುತ್ತಿರುವ ಅಪ್ಪ. ‘ಓದೋಕೂ ಆಗ್ಬೇಕು, ಗೇಮ್ ಆಡೋಕೂ ಆಗ್ಬೇಕು, 50,000ದ ಒಳಗಿರ್ಲಿ’ ಎನ್ನುವುದು ಬೇಡಿಕೆ. ಅಂಗಡಿಯವರು ಅಲ್ಲೇ ಕೂತು ಕೊಟೇಷನ್ ಬರೆದುಕೊಡುತ್ತಾರೆ. ಪರಿಚಯದವರ ಮಕ್ಕಳು ಇಂಥ ಚೀಟಿಗಳನ್ನು ತಂದು ‘ಪರವಾಗಿಲ್ವಾ ಅಂಕಲ್?’ ಎಂದು ನನ್ನ ಮುಂದೆ ಹಿಡಿಯುವುದುಂಟು. ಅವನ್ನೆಲ್ಲ ಓದಿದ ಮೇಲೆ ನನಗೆ ಖಾತ್ರಿಯಾಗಿರುವ ಸಂಗತಿ ಒಂದೇ: ಕಡಿಮೆ ದುಡ್ಡಿನ ಗೇಮಿಂಗ್ ಪಿಸಿಯನ್ನು ಹೆಚ್ಚಾಗಿ ಕೆಡಿಸುವುದು ಚೀಟಿಯಲ್ಲಿ ಹೆಸರೇ ಬರೆಯದೆ ಬಿಟ್ಟ ಭಾಗಗಳು.

ಚೀಟಿಯ ಮೊದಲ ಸಾಲು ಸಾಮಾನ್ಯವಾಗಿ ಚೊಕ್ಕವಾಗಿರುತ್ತದೆ. ‘ಎಎಂಡಿ ರೈಜನ್ 5 5600ಜಿ’ ಎಂದು ಪ್ರೊಸೆಸರಿನ ಪೂರ್ತಿ ಹೆಸರು ಬಂದಿರುತ್ತದೆ. ಕೆಳಗಿಳಿದಂತೆ ಹೆಸರುಗಳು ಮೊಟಕಾಗುತ್ತವೆ. ‘ರ‍್ಯಾಮ್ 16 ಜಿಬಿ’, ‘ಎಸ್‌ಎಸ್‌ಡಿ 512’, ‘ಎಸ್‌ಎಂಪಿಎಸ್ 500 ವಾಟ್’, ‘ಗೇಮಿಂಗ್ ಕ್ಯಾಬಿನೆಟ್, ಆರ್‌ಜಿಬಿ ಫ್ಯಾನ್’. ಯಾವ ಕಂಪನಿ, ಯಾವ ಮಾಡೆಲ್, ಎಷ್ಟು ವರ್ಷ ವಾರಂಟಿ ಎಂಬುದಿಲ್ಲ. ಗಿರಾಕಿ ವಿಚಾರಿಸಿಕೊಂಡು ಬಂದಿರುವ ಭಾಗಕ್ಕೆ ಹೆಸರಿದೆ, ವಿಚಾರಿಸದ ಭಾಗಕ್ಕೆ ಬರೀ ಸಂಖ್ಯೆ. ಪಕ್ಕದ ಅಂಗಡಿಗಿಂತ ಎರಡು ಸಾವಿರ ಕಡಿಮೆಗೆ ಕೊಡಬೇಕಾದಾಗ ಕತ್ತರಿ ಬೀಳುವುದು ಈ ಸಂಖ್ಯೆಗಳ ಮೇಲೆ. ಇದನ್ನು ಅಂಗಡಿಯವರ ದುರಾಸೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಪ್ರೊಸೆಸರಿನಂಥ ಭಾಗದಲ್ಲಿ ಅವರಿಗೆ ಉಳಿಯುವುದು ಬಹಳ ಕಡಿಮೆ, ಚೌಕಾಸಿ ಮಾಡುವವರು ನಾವು.

ಎಲ್ಲಕ್ಕಿಂತ ದುಬಾರಿಯಾಗಿ ಪರಿಣಮಿಸುವ ಉಳಿತಾಯ ಎಸ್‌ಎಂಪಿಎಸ್‌ನದು. ಗೋಡೆಯಿಂದ ಬರುವ 230 ವೋಲ್ಟ್ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ 12, 5, 3.3 ವೋಲ್ಟ್‌ಗಳಿಗೆ ಇಳಿಸಿಕೊಡುವ ಡಬ್ಬಿ ಅದು. ಅದರ ಮೈಗೆ ಅಂಟಿಸಿದ ಲೇಬಲ್ಲನ್ನು ಒಮ್ಮೆ ಓದಬೇಕು. ಹೊರಗಿನ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ 500 ವಾಟ್ ಎಂದಿದ್ದ ಒಂದು ಎಸ್‌ಎಂಪಿಎಸ್‌ನ ಲೇಬಲ್ಲಿನಲ್ಲಿ, +12 ವೋಲ್ಟ್‌ನ ಕೆಳಗೆ ನಾನು ನೋಡಿದ್ದು 18 ಆಂಪಿಯರ್. ಹನ್ನೆರಡನ್ನು ಹದಿನೆಂಟರಿಂದ ಗುಣಿಸಿ: 216 ವಾಟ್. ಇಂದಿನ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಹೆಚ್ಚುಕಡಿಮೆ ತಮ್ಮೆಲ್ಲ ಶಕ್ತಿಯನ್ನು ಎಳೆದುಕೊಳ್ಳುವುದು ಈ 12 ವೋಲ್ಟ್ ಸಾಲಿನಿಂದಲೇ. ಮಿಕ್ಕ ವಾಟ್‌ಗಳನ್ನು 5 ಮತ್ತು 3.3 ವೋಲ್ಟ್ ಸಾಲುಗಳಿಗೆ ಹಂಚಿ ಕೂಡಿಸಿ 500 ಎಂದರೆ ಗೇಮಿಂಗ್ ಪಿಸಿಗೆ ಅದರಿಂದ ಪ್ರಯೋಜನವಿಲ್ಲ. ಆಟದ ನಡುವೆ ಕಾರ್ಡು ಒಮ್ಮೆಲೇ ಹೆಚ್ಚು ಕರೆಂಟು ಕೇಳಿದಾಗ ಯಂತ್ರ ತಟ್ಟನೆ ಆರಿಹೋಗುತ್ತದೆ. ವಿಂಡೋಸ್ ಕೆಟ್ಟಿದೆ ಎಂದು ಫಾರ್ಮ್ಯಾಟ್ ಮಾಡಿಸುತ್ತಾರೆ, ರ‍್ಯಾಮ್ ಬದಲಿಸುತ್ತಾರೆ, ಸಂಶಯ ಡಬ್ಬಿಯ ಕಡೆಗೆ ಹೋಗುವುದು ಕೊನೆಗೆ. ರಕ್ಷಣಾ ಸರ್ಕ್ಯೂಟುಗಳನ್ನು ಕೈಬಿಟ್ಟ ಅಗ್ಗದ ಡಬ್ಬಿ ಸುಟ್ಟುಹೋಗುವಾಗ ಮದರ್‌ಬೋರ್ಡನ್ನೂ ಜೊತೆಗೆ ಕರೆದೊಯ್ಯಬಹುದು.

ಹಾಗೆಂದು 750 ವಾಟ್ ಬೇಕಿಲ್ಲ. ಈ ಬಜೆಟ್ಟಿನ ಒಳ್ಳೆಯ ಕಾರ್ಡುಗಳಲ್ಲಿ ಒಂದಾದ ರೇಡಿಯಾನ್ ಆರ್‌ಎಕ್ಸ್ 6600ರ ಬಳಕೆ 132 ವಾಟ್. ಪ್ರೊಸೆಸರ್ 65 ವಾಟ್ ವರ್ಗದ್ದು. ಎಲ್ಲ ಸೇರಿ 300 ದಾಟುವುದಿಲ್ಲ. ಹೆಸರಿರುವ ಕಂಪನಿಯ, 12 ವೋಲ್ಟ್ ಸಾಲಿನಲ್ಲೇ 400ರ ಮೇಲೆ ಕೊಡುವ 450 ವಾಟಿನ ಎಸ್‌ಎಂಪಿಎಸ್ ಧಾರಾಳ ಸಾಕು. ‘80 ಪ್ಲಸ್ ಬ್ರಾಂಜ್’ ಮುದ್ರೆ ಹೇಳುವುದು ದಕ್ಷತೆಯನ್ನು ಮಾತ್ರ, ಆದರೂ ಅದಿರುವುದು ಒಳ್ಳೆಯದು.

ಕರೆಂಟಿನ ಮಾತು ಬಂದಿದ್ದರಿಂದ ನಮ್ಮೂರಿನ ಸಂಗತಿ ಹೇಳಲೇಬೇಕು. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೆ ಕರೆಂಟು ಹೋಗಿ ಬರುವುದು ಇಲ್ಲಿ ಮಾಮೂಲು. 600 ವಿಎ ಎಂದು ಮಾರುವ ಮನೆಬಳಕೆಯ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವಾಟ್. ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತಿಗೆ ಅದು ಸಾಕು. ಆದರೆ ಕೆಲವು ಯುಪಿಎಸ್‌ಗಳು ಹೊಸ ಎಸ್‌ಎಂಪಿಎಸ್‌ಗಳಿಗೆ ಹೊಂದುವುದಿಲ್ಲ. ಆದ್ದರಿಂದ ಕೊಳ್ಳುವಾಗಲೇ ಎರಡನ್ನೂ ಜೋಡಿಸಿ, ಆಟ ಓಡುತ್ತಿರುವಾಗಲೇ ಯುಪಿಎಸ್‌ನ ಪ್ಲಗ್ ಕಿತ್ತು ನೋಡಬೇಕು. ಇನ್ನು ಹಳೆಯ ಮನೆಗಳಲ್ಲಿ, ಪಿಜಿ ಕೋಣೆಗಳಲ್ಲಿ ‘ಕ್ಯಾಬಿನೆಟ್ ಮುಟ್ಟಿದ್ರೆ ಜುಮ್ ಅನ್ನುತ್ತೆ’ ಎಂಬ ದೂರು. ಎರಡು ಪಿನ್ನಿನ ಎಕ್ಸ್‌ಟೆನ್ಷನ್‌ಗೆ ಸಿಕ್ಕಿಸಿರುತ್ತಾರೆ, ಇಲ್ಲವೇ ಅರ್ಥಿಂಗ್ ಇರುವುದಿಲ್ಲ. ಎಸ್‌ಎಂಪಿಎಸ್‌ನೊಳಗಿನ ಫಿಲ್ಟರಿನಿಂದ ಸೋರುವ ಅಲ್ಪ ಕರೆಂಟಿಗೆ ಭೂಮಿಗಿಳಿಯುವ ದಾರಿಯಿಲ್ಲದೆ ಅದು ಲೋಹದ ಮೈಗೆ ಬರುತ್ತದೆ. ಹೊಸ ಫ್ಯಾನಿಗೆ ಹಾಕುವ ದುಡ್ಡಿನಲ್ಲಿ ಎಲೆಕ್ಟ್ರಿಷಿಯನ್‌ನನ್ನು ಕರೆಸುವುದು ಮೇಲು.

ರ‍್ಯಾಮ್‌ನ ಸಾಲಿನಲ್ಲಿ ಬಚ್ಚಿಟ್ಟ ಪ್ರಶ್ನೆ ಬೇರೆ: 16 ಜಿಬಿ ಒಂದೇ ಕಡ್ಡಿಯೋ, ಎಂಟರ ಎರಡು ಕಡ್ಡಿಯೋ? 5600ಜಿಯಂಥ ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಒಳಗೇ ಅಡಕವಾಗಿರುತ್ತದೆ, ಅದಕ್ಕೆ ಸ್ವಂತ ಮೆಮೊರಿಯಿಲ್ಲ, ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಒಂದೇ ಕಡ್ಡಿ ಹಾಕಿದರೆ ಮೆಮೊರಿಯ ದಾರಿ ಅರ್ಧಕ್ಕಿಳಿದು ಆಟದ ವೇಗ ಕಣ್ಣಿಗೆ ಕಾಣುವಷ್ಟು ಬೀಳುತ್ತದೆ. ಎರಡು ಕಡ್ಡಿ ಹಾಕಿದ ಮೇಲೂ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಎಂಬ ವೇಗದ ಸೆಟ್ಟಿಂಗ್ ಆನ್ ಮಾಡದಿದ್ದರೆ 3200ರ ರ‍್ಯಾಮ್ 2666ರಲ್ಲೋ 2133ರಲ್ಲೋ ಓಡುತ್ತಿರುತ್ತದೆ. ಇದು ಕಾಸಿಲ್ಲದ ಕೆಲಸ. ಆದರೂ ಅಸೆಂಬಲ್ ಮಾಡಿ ಕೊಟ್ಟ ಎಷ್ಟೋ ಯಂತ್ರಗಳಲ್ಲಿ ಅದನ್ನು ಮಾಡಿರುವುದಿಲ್ಲ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದ ಮೇಲಂತೂ ಒಂದೇ ಕಡ್ಡಿಯ ಆಸೆ ಬಲವಾಗಿದೆ. ಮೆಮೊರಿ ಕಂಪನಿಗಳು ಎಐ ಡೇಟಾ ಸೆಂಟರುಗಳತ್ತ ತಿರುಗಿವೆ. ನಮ್ಮ ಹುಡುಗರಿಗೆ ಚಿರಪರಿಚಿತವಾದ ಕ್ರೂಷಿಯಲ್ ಬ್ರಾಂಡಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಮೈಕ್ರಾನ್ 2025ರ ಡಿಸೆಂಬರಿನಲ್ಲಿ ಪ್ರಕಟಿಸಿತು.

ಹೆಸರು ಪೂರ್ತಿ ಬರೆದರೂ ಮೋಸಹೋಗುವ ಜಾಗ ಗ್ರಾಫಿಕ್ಸ್ ಕಾರ್ಡು. 2022ರಲ್ಲಿ ಬಂದ ಆರ್‌ಟಿಎಕ್ಸ್ 3050ರಲ್ಲಿ 8 ಜಿಬಿ ಮೆಮೊರಿ, 2,560 ಕೋರ್‌ಗಳಿದ್ದವು. 2024ರ ಫೆಬ್ರುವರಿಯಲ್ಲಿ ಅದೇ ಹೆಸರಿನಲ್ಲಿ ಬಂದ 6 ಜಿಬಿ ಕಾರ್ಡಿನಲ್ಲಿ ಕೋರ್‌ಗಳು 2,304ಕ್ಕೆ, ಮೆಮೊರಿ ದಾರಿ 128 ಬಿಟ್‌ನಿಂದ 96ಕ್ಕೆ ಇಳಿದವು. ಎರಡು ಜಿಬಿಯಷ್ಟೇ ವ್ಯತ್ಯಾಸ ಎಂದುಕೊಂಡು ಕೊಂಡವರಿಗೆ ಸಿಕ್ಕಿದ್ದು ಬೇರೆಯೇ ಕಾರ್ಡು. ಎನ್ವಿಡಿಯಾ ಮಾಡಿದ ಈ ಕೆಲಸ ಗ್ರಾಹಕರಿಗೆ ಬಗೆದ ಅನ್ಯಾಯ ಎಂದೇ ನನ್ನ ತೀರ್ಮಾನ. ಕಾರ್ಡು ಮಾತ್ರ ಕೆಟ್ಟದ್ದಲ್ಲ. 70 ವಾಟಿನಲ್ಲಿ, ಬೇರೆ ಕೇಬಲ್ ಇಲ್ಲದೆ ಓಡುವುದರಿಂದ ಕಂಪನಿಗಳು ವಿಲೇವಾರಿ ಮಾಡಿದ ಹಳೆಯ ಆಫೀಸ್ ಪಿಸಿಗೆ ಅದು ಹೇಳಿ ಮಾಡಿಸಿದಂತಿದೆ. ಅಂಥ ಪಿಸಿ ಕೊಳ್ಳುವವರು ಇಂಟೆಲ್ 8ನೇ ತಲೆಮಾರಿಗಿಂತ ಹಳೆಯದನ್ನು ಮುಟ್ಟಬಾರದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, 6–7ನೇ ತಲೆಮಾರಿನ ಯಂತ್ರಗಳನ್ನು ವಿಂಡೋಸ್ 11 ಸಾಮಾನ್ಯವಾಗಿ ಒಪ್ಪುವುದಿಲ್ಲ.

ಬಿಡಿಬಿಡಿಯಾಗಿ ಸರಿಯಿದ್ದು ಜೊತೆಗೂಡಿದಾಗ ಕೆಡುವ ಭಾಗಗಳೂ ಇವೆ. ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡು ಮದರ್‌ಬೋರ್ಡಿನೊಂದಿಗೆ ಮಾತಾಡುವುದು ನಾಲ್ಕೇ ಲೇನುಗಳಲ್ಲಿ, ಅದೂ ಪಿಸಿಐಇ 4.0 ಇದೆಯೆಂಬ ನಂಬಿಕೆಯಲ್ಲಿ. 5600ಜಿ ಪ್ರೊಸೆಸರಿನಲ್ಲಿರುವುದು 3.0. ದಾರಿಯ ವೇಗ ಅರ್ಧವಾಗಿ, ಕಾರ್ಡಿನ 4 ಜಿಬಿ ಮೆಮೊರಿ ತುಂಬಿದೊಡನೆ ಆಟ ತಡವರಿಸುತ್ತದೆ. ಈ ಜೋಡಿಯನ್ನು ‘ಬಜೆಟ್ ಗೇಮಿಂಗ್ ಕಾಂಬೊ’ ಎಂದು ಬರೆದ ಚೀಟಿ ನೋಡಿದಾಗ ನನಗೆ ನಿಜಕ್ಕೂ ಬೇಸರವಾಯಿತು. ಎಂಟು ಲೇನಿನ 6600ಗೆ ಈ ತೊಂದರೆ ಅಷ್ಟಾಗಿ ತಟ್ಟದು.

ನನ್ನನ್ನು ಕೇಳಿದರೆ, ಮಾನಿಟರೂ ಸೇರಿ 50,000ದಲ್ಲಿ ಮುಗಿಯಬೇಕಾದಾಗ ಮೊದಲ ವರ್ಷ ಗ್ರಾಫಿಕ್ಸ್ ಕಾರ್ಡೇ ಬೇಡ. 5600ಜಿ, ಎರಡು ಕಡ್ಡಿ ರ‍್ಯಾಮ್, ಮುಂದೆ ಕಾರ್ಡನ್ನು ತಾಳಬಲ್ಲ ಎಸ್‌ಎಂಪಿಎಸ್, ಗಾಳಿಯಾಡುವ ಜಾಲರಿ ಮುಖದ ಕ್ಯಾಬಿನೆಟ್. ವ್ಯಾಲರೆಂಟ್ ಆಟ ಇದರಲ್ಲಿ ಚೆನ್ನಾಗಿಯೇ ಓಡುತ್ತದೆ. ಮುಂದಿನ ವರ್ಷ ದುಡ್ಡು ಕೂಡಿದಾಗ 6600ರ ಮಟ್ಟದ ಕಾರ್ಡು ಸೇರಿಸಬಹುದು. ಮೊದಲ ದಿನವೇ ದುರ್ಬಲ ಕಾರ್ಡು ಹಾಕಿಸಿ, ಅದಕ್ಕಾಗಿ ಉಳಿದೆಲ್ಲವನ್ನೂ ಅಗ್ಗ ಮಾಡಿದ ಯಂತ್ರದಲ್ಲಿ ಬೆಳೆಯಲು ಜಾಗವಿರುವುದಿಲ್ಲ. ಮಾನಿಟರ್ ಮನೆಯಲ್ಲಿದ್ದರೆ ಮಾತು ಬೇರೆ, ಆಗ ಕೋರ್ ಐ3 12100ಎಫ್ ಜೊತೆ ಕಾರ್ಡನ್ನೇ ಆರಿಸಬಹುದು. ‘ಎಫ್’ ಇರುವ ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲ ಎಂಬುದು ನೆನಪಿರಲಿ. ಕಾರ್ಡು ವಾರಂಟಿಗೆ ಹೋದರೆ ಅದು ಬರುವತನಕ ಪರದೆ ಕಪ್ಪು.

ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೋಗಿ ತರುವುದು ಲಾಭವೇ ಎಂದು ಎಲ್ಲರೂ ಕೇಳುತ್ತಾರೆ. ಕಾರ್ಡಿನಂಥ ಒಂದು ದೊಡ್ಡ ವಸ್ತುವಿಗೆ ಇರಬಹುದು. ಎಸ್‌ಎಂಪಿಎಸ್, ಮಾನಿಟರ್, ಯುಪಿಎಸ್‌ಗಳನ್ನು ಇಲ್ಲೇ ಕೊಳ್ಳಿ, ಕೆಟ್ಟಾಗ ಹಿಡಿದುಕೊಂಡು ಹೋಗಲು ಅಂಗಡಿ ಹತ್ತಿರವಿರುತ್ತದೆ. ಎಲ್ಲಿ ಕೊಂಡರೂ ಬಿಲ್ ಬಿಡಬೇಡಿ. 50,000ದ ಬಿಲ್ಲಿನಲ್ಲಿ ಶೇಕಡಾ 18 ಜಿಎಸ್‌ಟಿಯ ಪಾಲು ಸುಮಾರು 7,600 ರೂಪಾಯಿ, ಹಾಗಾಗಿ ‘ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ತೀವಿ’ ಎಂಬ ಮಾತಿಗೆ ಮನಸ್ಸು ಜಾರುತ್ತದೆ. ಆದರೆ ವಾರಂಟಿ ಕೇಳಲು ಹೋದಾಗ ಮೊದಲು ಕೇಳುವುದು ಅದೇ ಬಿಲ್ಲನ್ನು.

ಅಂಗಡಿಯವರಲ್ಲಿ ನನ್ನದೊಂದು ಕೋರಿಕೆ. ಕೊಟೇಷನ್‌ನ ಪ್ರತಿ ಸಾಲಿನಲ್ಲೂ ಕಂಪನಿ, ಮಾಡೆಲ್, ವಾರಂಟಿ ವರ್ಷ ಈ ಮೂರನ್ನೂ ಬರೆಯಿರಿ. ಕೊಳ್ಳುವ ಮನೆಯವರು ಇವು ಮೂರೂ ಇಲ್ಲದ ಚೀಟಿಗೆ ಅಡ್ವಾನ್ಸ್ ಕೊಡಬೇಡಿ.